ಬಾಣಂತಿಯ ಬೆಣ್ಣೆ, ವಲಸಿಗರ ಸ್ಟೇಕ್

ಶನಿವಾರ ರಾತ್ರಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಅಡುಗೆಮನೆಗಳಲ್ಲಿ ಈಗ ಹೊಸ ಹಬ್ಬವೊಂದು ಶುರುವಾಗಿದೆ. ವಾರವೆಲ್ಲ ಆರ್ಡರ್ ಮಾಡಿ ತಿಂದು ಬೇಜಾರಾದ ಗಂಡ ಹೆಂಡತಿ, ಇಲ್ಲಾ ಫ್ಲ್ಯಾಟ್ ಹಂಚಿಕೊಂಡ ಗೆಳೆಯರು, 'ಇವತ್ತು ಹೋಟೆಲ್ ರೇಂಜಿಗೆ ಮನೆಯಲ್ಲೇ ಮಾಡೋಣ' ಅಂತ ಹೊರಡುತ್ತಾರೆ. ಒಂದು ಒಲೆಯ ಮೇಲೆ ಎರಕದ ಕಬ್ಬಿಣದ ಬಾಣಲೆಯಲ್ಲಿ ಸ್ಟೇಕ್ ಚುಂಯ್ ಅನ್ನುತ್ತಿರುತ್ತದೆ, ಇನ್ನೊಂದರ ಮೇಲೆ ಕ್ರೀಮ್ ಹಾಕಿದ ಆಲ್ಫ್ರೆಡೊ ಪಾಸ್ತಾ. ಎರಡನ್ನೂ ಒಂದೇ ತಟ್ಟೆಗೆ ಹಾಕಿ ಫೋಟೋ ತೆಗೆದು, ಕೆಳಗೆ 'ಇಟಾಲಿಯನ್ ಡಿನ್ನರ್' ಅಂತ ಬರೆದರೆ ಕೆಲಸ ಮುಗೀತು.

ನಮ್ಮ ಮನೆಯಲ್ಲೂ ತಿಂಗಳಿಗೊಂದು ಸಲ ಇದು ನಡೆಯುತ್ತದೆ. ಆದರೆ ನನಗೊಂದು ವೃತ್ತಿಯ ಚಾಳಿ ಇದೆ. ಯಾವ ಸಿಸ್ಟಮ್ ಕೈಗೆ ಬಂದರೂ ಅದರ ಹಿಸ್ಟರಿ ನೋಡದೆ ಬಿಡುವವನಲ್ಲ. ಯಾರು ಯಾವಾಗ ಏನು ಸೇರಿಸಿದರು, ಯಾಕೆ ಸೇರಿಸಿದರು ಅಂತ ತಿಳಿಯದಿದ್ದರೆ ಸಮಾಧಾನ ಇಲ್ಲ. ಹಾಗೆ ಈ ತಟ್ಟೆಯ ಹಿಂದೆ ಬಿದ್ದೆ. ಸಿಕ್ಕಿದ್ದು ಇಟಲಿಯ ಶ್ರೀಮಂತ ಊಟದ ಕತೆಯಲ್ಲ. ಹಸಿದವರ ಕತೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ಇಟಲಿಯ ಸಂಪ್ರದಾಯದ ಊಟದಲ್ಲಿ ಪಾಸ್ತಾ ಮತ್ತು ಮಾಂಸ ಒಂದೇ ತಟ್ಟೆಯಲ್ಲಿ ಕೂರುವುದಿಲ್ಲ. ಪಾಸ್ತಾ 'ಪ್ರಿಮೊ', ಅಂದರೆ ಮೊದಲ ಸುತ್ತು. ಅದು ಮುಗಿದ ಮೇಲೆ ತಟ್ಟೆ ಬದಲಾಗಿ ಮಾಂಸವೋ ಮೀನೋ ಬರುತ್ತದೆ, ಅದು 'ಸೆಕೊಂಡೊ'. ಸ್ಟೇಕಿಗೆ ಹೆಸರಾದ ಊರು ಫ್ಲಾರೆನ್ಸ್. ಅಲ್ಲಿನ 'ಬಿಸ್ತೆಕ್ಕಾ' ಮೂರು ಬೆರಳು ದಪ್ಪದ, ಮೂಳೆ ಸಮೇತದ ತುಂಡು. ಕೆಂಡದ ಮೇಲೆ ಸುಟ್ಟು ಉಪ್ಪು, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ, ಪಕ್ಕದಲ್ಲಿ ಪಾಸ್ತಾ ಇರಲ್ಲ. ಇನ್ನೊಂದು ತಮಾಷೆ ನೋಡಿ, 'ಬಿಸ್ತೆಕ್ಕಾ' ಇಟಲಿಯ ಮೂಲ ಪದವೇ ಅಲ್ಲ. ಇಂಗ್ಲಿಷಿನ 'ಬೀಫ್ ಸ್ಟೇಕ್' ಅನ್ನೋದು ಇಟಾಲಿಯನ್ನರ ಬಾಯಲ್ಲಿ ಹಾಗಾಗಿದೆ, ನಮ್ಮಲ್ಲಿ ಹಾಸ್ಪಿಟಲ್ ಆಸ್ಪತ್ರೆ ಆದಹಾಗೆ. ಇಂಗ್ಲಿಷಿಗಾದರೂ 'ಸ್ಟೇಕ್' ಎಲ್ಲಿಂದ ಬಂತು? ಹಳೆಯ ನಾರ್ಸ್ ಭಾಷೆಯ 'ಸ್ಟೇಯ್ಕ್'ನಿಂದ. ಕೋಲಿಗೆ ಸಿಕ್ಕಿಸಿ ಸುಟ್ಟ ಮಾಂಸ ಅಂತ ಅದರ ಅರ್ಥ.

ಇನ್ನು ಆಲ್ಫ್ರೆಡೊ. ಇದು ಸಾಸಿನ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ರೋಮ್ ನಗರದ ಆಲ್ಫ್ರೆಡೊ ದಿ ಲೆಲಿಯೊ ತಾಯಿ ನಡೆಸುತ್ತಿದ್ದ ಸಣ್ಣ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ. ಅವನ ಮನೆತನದವರು ಹೇಳುವ ಪ್ರಕಾರ 1908ರಲ್ಲಿ ಅವನ ಹೆಂಡತಿ ಇನೆಸ್‌ಗೆ ಮೊದಲ ಮಗು ಹುಟ್ಟಿತು. ಹೆರಿಗೆಯಾದ ಮೇಲೆ ಆಕೆ ತುಂಬಾ ಸೊರಗಿದಳು, ಊಟ ಸೇರುತ್ತಿರಲಿಲ್ಲ. ಆಗ ಗಂಡ ರವೆ ಹಿಟ್ಟಿನಲ್ಲಿ ತೆಳ್ಳಗಿನ ಪಟ್ಟಿ ಪಾಸ್ತಾ ಮಾಡಿ, ಬೇಯಿಸಿ, ಬಿಸಿಬಿಸಿ ಇರುವಾಗಲೇ ಹೊಸ ಬೆಣ್ಣೆ ಮತ್ತು ತುರಿದ ಪಾರ್ಮೆಜಾನ್ ಚೀಸ್ ಧಾರಾಳವಾಗಿ ಹಾಕಿ ಕಲಸಿ ಕೊಟ್ಟ. ಇನೆಸ್ ತಿಂದಳು, ಚೇತರಿಸಿಕೊಂಡಳು, ಇದನ್ನು ಹೋಟೆಲಿನಲ್ಲೂ ಮಾಡು ಅಂದಳು.

ಇದನ್ನು ಓದಿದಾಗ ನನಗೆ ರೋಮ್ ನೆನಪಾಗಲಿಲ್ಲ, ನಮ್ಮೂರಿನ ಬಾಣಂತಿ ಕೋಣೆ ನೆನಪಾಯಿತು. ಬಿಸಿ ಅನ್ನ, ಮೆಣಸು, ಬೆಳ್ಳುಳ್ಳಿ, ಮೇಲೊಂದು ಸೌಟು ತುಪ್ಪ. ಮನೆಯಲ್ಲಿ ತುಪ್ಪ ಕಮ್ಮಿ ಇದ್ದರೂ ಬಾಣಂತಿಗೆ ಮಾತ್ರ ಕಮ್ಮಿ ಆಗಬಾರದು ಅನ್ನೋದು ಹಳ್ಳಿಯ ಕಾನೂನು. ರೋಮಿನಲ್ಲೂ ಅದೇ ಲೆಕ್ಕ. ಸುಲಭವಾಗಿ ಜೀರ್ಣವಾಗುವ ಬಿಳಿ ಪದಾರ್ಥ, ಜೊತೆಗೆ ಹಾಲಿನ ಕೊಬ್ಬು. ಇಟಲಿಯಲ್ಲಿ ಇವತ್ತಿಗೂ ಹುಷಾರಿಲ್ಲದವರಿಗೆ ಬೆಣ್ಣೆ, ಚೀಸ್ ಮಾತ್ರ ಹಾಕಿದ 'ಬಿಳಿ ಪಾಸ್ತಾ' ಕೊಡುತ್ತಾರೆ. ನಮ್ಮ ಗಂಜಿ ಇದ್ದಹಾಗೆ. ಬೆಣ್ಣೆ, ಚೀಸ್ ಹಾಕುವುದು ಆಲ್ಫ್ರೆಡೊ ಕಂಡುಹಿಡಿದ ಸಂಗತಿಯೂ ಅಲ್ಲ. 15ನೇ ಶತಮಾನದಲ್ಲೇ ಮಾರ್ತಿನೊ ಎಂಬ ಬಾಣಸಿಗ ತನ್ನ ಅಡುಗೆ ಪುಸ್ತಕದಲ್ಲಿ ರೋಮನ್ ಶೈಲಿಯ ಪಾಸ್ತಾಕ್ಕೆ ಬೆಣ್ಣೆ, ಚೀಸ್, ಮಸಾಲೆ ಹಾಕೋದನ್ನು ಬರೆದಿಟ್ಟಿದ್ದಾನೆ. ಆಲ್ಫ್ರೆಡೊ ಹಾಕಿದ ಬೆಣ್ಣೆಯ ಪ್ರಮಾಣ ಜಾಸ್ತಿ, ಜೊತೆಗೆ ಗಿರಾಕಿಗಳ ಮುಂದೆ ನಿಂತು ಅದನ್ನು ಕಲಸುವ ಅವನ ವೈಖರಿ ಹೊಸದು. ಅಷ್ಟೇ.

1914ರಲ್ಲಿ ಅವನು ರೋಮಿನ ವಿಯಾ ದೆಲ್ಲಾ ಸ್ಕ್ರೋಫಾ ಬೀದಿಯಲ್ಲಿ ಸ್ವಂತ ಹೋಟೆಲ್ ತೆರೆದ. 1920ರಲ್ಲಿ ಹಾಲಿವುಡ್‌ನ ಆಗಿನ ಸೂಪರ್‌ಸ್ಟಾರ್ ಜೋಡಿ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಹನಿಮೂನಿಗೆ ಬಂದು ಅಲ್ಲಿ ಉಂಡರು. ಎಷ್ಟು ಇಷ್ಟವಾಯಿತೆಂದರೆ, ಆಮೇಲೆ 1927ರಲ್ಲಿ ಅವನಿಗೆ ಬಂಗಾರದ ಫೋರ್ಕು, ಚಮಚ ಉಡುಗೊರೆ ಕೊಟ್ಟರು. ಅಮೆರಿಕದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ರೋಮಿಗೆ ಬಂದ ಅಮೆರಿಕನ್ನರೆಲ್ಲ ಆಲ್ಫ್ರೆಡೊನ ಹೋಟೆಲಿಗೇ ಬರತೊಡಗಿದರು. ಯುದ್ಧದ ನಡುವೆ 1943ರಲ್ಲಿ ಅವನು ಹೋಟೆಲ್ ಮಾರಿಬಿಟ್ಟ. 1950ರಲ್ಲಿ ಮಗ ಅರ್ಮಾಂದೊ ಜೊತೆ ಇನ್ನೊಂದು ಕಡೆ ಮತ್ತೆ ಶುರು ಮಾಡಿದ. ಅವನು ಹಾಲು ಕುಡಿಯುವ ಕೂಸಾಗಿದ್ದಾಗಲೇ ಈ ಪಾಸ್ತಾ ಹುಟ್ಟಿದ್ದು ಅನ್ನೋದು ನೆನಪಿರಲಿ. ಮಾರಿದ ಹೋಟೆಲೂ ಉಳಿಯಿತು, ಹೊಸದೂ ಬೆಳೆಯಿತು. ಎರಡೂ 'ನಾವೇ ಅಸಲಿ' ಅನ್ನುತ್ತವೆ. ನಮ್ಮಲ್ಲಿ ಒಂದೇ ರಸ್ತೆಯ ಎರಡು ಹೋಟೆಲುಗಳೂ 'ಒರಿಜಿನಲ್' ಅಂತ ಬೋರ್ಡ್ ಹಾಕಿಕೊಳ್ಳುತ್ತವಲ್ಲ, ಥೇಟ್ ಹಾಗೆ.

ಇಲ್ಲಿವರೆಗೆ ಕ್ರೀಮ್ ಬಂತೇನು? ಬರಲಿಲ್ಲ. ಅಸಲಿಯಲ್ಲಿ ಒಂದು ಹನಿ ಕ್ರೀಮೂ ಇಲ್ಲ.

ಅದು ಸೇರಿದ್ದು ಅಟ್ಲಾಂಟಿಕ್ ದಾಟಿದ ಮೇಲೆ. ಅದಕ್ಕೊಂದು ತಾಂತ್ರಿಕ ಕಾರಣವಿದೆ. ಬೆಣ್ಣೆ, ಚೀಸು, ಪಾಸ್ತಾ ಬೇಯಿಸಿದ ಗಂಜಿನೀರು ಈ ಮೂರನ್ನೇ ಕಲಸಿ ನುಣ್ಣನೆ ಸಾಸ್ ಮಾಡುವುದು ಸುಲಭವಲ್ಲ. ಕೊಬ್ಬು ಮತ್ತು ನೀರನ್ನು ಒಟ್ಟಿಗೆ ಹಿಡಿದಿಡಬೇಕು. ಆ ಕೆಲಸ ಮಾಡುವುದು ಗಂಜಿನೀರಿನ ಪಿಷ್ಟ. ಬಿಸಿ ಸ್ವಲ್ಪ ಜಾಸ್ತಿ ಆದರೂ ಚೀಸ್ ಗಂಟು ಕಟ್ಟುತ್ತದೆ, ಎಣ್ಣೆ ಬಿಟ್ಟುಕೊಳ್ಳುತ್ತದೆ. ಕ್ರೀಮ್ ಹಾಗಲ್ಲ. ಅದರಲ್ಲಿ ಕೊಬ್ಬು ಮತ್ತು ನೀರು ಮೊದಲೇ ಹೊಂದಿಕೊಂಡಿವೆ. ಹೊಸಬರು ಮಾಡಿದರೂ ಒಡೆಯುವ ಸಾಧ್ಯತೆ ಕಮ್ಮಿ. ರೋಮಿನ ರುಚಿಯನ್ನು ಅಮೆರಿಕದ ಅಡುಗೆಮನೆಯಲ್ಲಿ, ಅಲ್ಲಿ ಸಿಗುವ ಬೆಣ್ಣೆ ಚೀಸಿನಲ್ಲಿ ತರಲು ಹೊರಟವರಿಗೆ ಕ್ರೀಮ್ ಒಂದು ಪ್ಯಾಚ್. ಮುಂದೆ ಅದೇ ಮೇನ್ ವರ್ಷನ್ ಆಗಿಬಿಟ್ಟಿತು. ನಮ್ಮ ಫೋನಿಗೆ ಬರುವ ರೆಸಿಪಿ ಈ ಅಮೆರಿಕನ್ ವರ್ಷನ್ನಿನದು. ಆಲ್ಫ್ರೆಡೊಗೆ ಸಿಕ್ಕಿದ್ದು ಬಂಗಾರದ ಫೋರ್ಕು, ಅವನ ಪಾಸ್ತಾಕ್ಕೆ ಸಿಕ್ಕಿದ್ದು ಇನ್ನೊಂದು ಥರದ ಫೋರ್ಕು.

ಸರಿ, ಕ್ರೀಮಿನ ಲೆಕ್ಕ ಸಿಕ್ಕಿತು. ಅದರ ಪಕ್ಕಕ್ಕೆ ಅಷ್ಟು ದೊಡ್ಡ ಮಾಂಸದ ತುಂಡು ಯಾಕೆ ಬಂತು? ನನಗೆ ಮುಖ್ಯ ಅನ್ನಿಸಿದ ಭಾಗ ಇದು.

1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ಸಿಸಿಲಿ, ಕಲಾಬ್ರಿಯಾದಂಥ ದಕ್ಷಿಣದ ಬಡ ಹಳ್ಳಿಗಳವರು, ಜಮೀನಿಲ್ಲದ ಕೂಲಿಗಳು. ಇಟಲಿಯ ಸರಕಾರವೇ 1877ರಿಂದ ಹಲವು ವರ್ಷ ಸ್ತೆಫಾನೊ ಯಾಚಿನಿ ನೇತೃತ್ವದಲ್ಲಿ ಹಳ್ಳಿಗಳ ಸ್ಥಿತಿಗತಿ ವಿಚಾರಣೆ ನಡೆಸಿತ್ತು. ಅದರಲ್ಲಿ ಕಂಡದ್ದು ಒಣ ರೊಟ್ಟಿ, ಸೊಪ್ಪು, ಕಾಳು ತಿಂದು ಬದುಕುವ ಜನ. ಉತ್ತರದ ಕಡೆ ಬರೀ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿಂದು ಪೆಲ್ಲಾಗ್ರ ರೋಗ ಬಂದವರು. ಮಾಂಸ ಅನ್ನೋದು ಹಬ್ಬಕ್ಕೆ, ಮದುವೆಗೆ. ದಕ್ಷಿಣದ ಎಷ್ಟೋ ಬಡವರಿಗೆ ಅಂಗಡಿಯ ಒಣ ಪಾಸ್ತಾ ಕೂಡ ದಿನದ ಊಟವಾಗಿರಲಿಲ್ಲ, ವಿಶೇಷ ದಿನಗಳ ಊಟವಾಗಿತ್ತು. ನಾವು 'ಇಟಾಲಿಯನ್ ಫುಡ್' ಅಂತ ಅಂದುಕೊಂಡಿರುವುದನ್ನು ಈ ಜನ ಊರಲ್ಲಿದ್ದಾಗ ಧಣಿಗಳ ಮನೆಯಲ್ಲಿ ನೋಡಿದ್ದರು, ಅಷ್ಟೆ.

ನ್ಯೂಯಾರ್ಕಿಗೆ ಬಂದರೆ ಲೋಕವೇ ಬೇರೆ. ಕೆಲಸ ಕಠಿಣ, ಮನೆ ಇಕ್ಕಟ್ಟು, ಆದರೆ ಮಾಂಸ ಕೈಗೆಟುಕುವ ಬೆಲೆಗೆ ಸಿಗುತ್ತಿತ್ತು. ಅದಕ್ಕೆ ಕಾರಣ ಶಿಕಾಗೊ. ಅಲ್ಲಿ 1865ರ ಕ್ರಿಸ್ಮಸ್ ದಿನ ದೊಡ್ಡ ದನದ ಮಾರುಕಟ್ಟೆ ಶುರುವಾಗಿತ್ತು. ಮೊದಮೊದಲು ದನಗಳನ್ನು ಜೀವಂತ ರೈಲಿನಲ್ಲಿ ಪೂರ್ವದ ಊರುಗಳಿಗೆ ಕಳಿಸುತ್ತಿದ್ದರು. ಗುಸ್ಟಾವಸ್ ಸ್ವಿಫ್ಟ್ ಎಂಬ ವ್ಯಾಪಾರಿ 1870ರ ದಶಕದ ಕೊನೆಯಲ್ಲಿ ಒಬ್ಬ ಎಂಜಿನಿಯರ್ ಕೈಲಿ ಮಂಜುಗಡ್ಡೆ ತುಂಬಿದ ರೈಲು ಡಬ್ಬಿ ಮಾಡಿಸಿದ. ಮೇಲಿನ ಮಂಜುಗಡ್ಡೆಯಿಂದ ತಣ್ಣನೆ ಗಾಳಿ ಕೆಳಗಿಳಿದು ಡಬ್ಬಿಯೆಲ್ಲ ಸುತ್ತುತ್ತಿತ್ತು. ಕೊಂಬು, ಮೂಳೆ, ತೊಗಲಿಗೆಲ್ಲ ಬಾಡಿಗೆ ಕಟ್ಟಿ ಸಾಗಿಸುವ ಬದಲು ಬರೀ ಮಾಂಸ ಸಾಗಿಸಬಹುದಾಯಿತು. ಬೆಲೆ ಇಳಿಯಿತು. ಆ ಇಳಿದ ಬೆಲೆಯ ಉಳಿದ ಪಾಲನ್ನು ಕಟ್ಟಿದವರು ಕಸಾಯಿಖಾನೆಯ ಕೂಲಿಗಳು. ಅವರಲ್ಲೂ ಬಹಳ ಮಂದಿ ಯುರೋಪಿನಿಂದ ಬಂದ ವಲಸಿಗರೇ. ಅಪ್ಟನ್ ಸಿಂಕ್ಲೇರ್ 1906ರಲ್ಲಿ 'ದಿ ಜಂಗಲ್' ಕಾದಂಬರಿ ಬರೆದದ್ದು ಅವರ ಕಷ್ಟ ಹೇಳಲಿಕ್ಕೆ. ಓದಿದ ಜನ ಮಾತ್ರ ತಮ್ಮ ತಟ್ಟೆಯ ಕೊಳಕು ನೋಡಿ ಗಾಬರಿಯಾದರು. ಅದೇ ವರ್ಷ ಮಾಂಸದ ತಪಾಸಣೆಗೆ ಕಾನೂನು ಬಂತು. ಕೂಲಿಗಳ ಬದುಕಿಗೆ ಅಂಥ ಕಾನೂನು ಬರಲಿಲ್ಲ.

ಹೀಗೆ ಹಸಿದು ಬಂದವರ ಕೈಗೆ ಅಗ್ಗದ ಮಾಂಸ ಸಿಕ್ಕಿತು. ಊರಿನ ಹಬ್ಬದ ಊಟ ಇಲ್ಲಿ ವಾರದ ಊಟವಾಯಿತು. ಪಾಸ್ತಾದ ಮೇಲೆ ದೊಡ್ಡ ದೊಡ್ಡ ಮಾಂಸದ ಉಂಡೆ ಬಂದು ಕೂತಿದ್ದು ಹಾಗೆ. ಎರಡು ಸುತ್ತಿನ ಊಟ ಒಂದೇ ತಟ್ಟೆಗೆ ಇಳಿದದ್ದೂ ಅದೇ ದೇಶದಲ್ಲಿ. ಆಮೇಲೆ ಆ ಊಟ ಇಟಾಲಿಯನ್ ವಲಸಿಗರ ಮನೆಯಿಂದ ಎಲ್ಲರ ಹೋಟೆಲಿಗೂ ಹೋಯಿತು. ಅಲ್ಲಿಂದ ಈಗ ನಮ್ಮ ವೈಟ್‌ಫೀಲ್ಡು, ಎಚ್‌ಎಸ್‌ಆರ್ ಲೇಔಟಿಗೆ.

ನಾನು ತುಮಕೂರು ಜಿಲ್ಲೆಯ ರಾಗಿ ಸೀಮೆಯವನು. ನಮ್ಮ ಅಜ್ಜಿ ಕಾಲದಲ್ಲಿ ಅನ್ನ ಅಂದರೆ ಹಬ್ಬ. ಯುಗಾದಿಗೆ, ಮದುವೆಗೆ, ನೆಂಟರು ಬಂದಾಗ. ಉಳಿದ ದಿನವೆಲ್ಲ ಮುದ್ದೆ. 'ಅವರ ಮನೇಲಿ ದಿನಾ ಅನ್ನ ಉಣ್ತಾರೆ' ಅನ್ನೋದು ಅವರ ಪಾಲಿಗೆ ಒಂದು ಮನೆತನದ ಅಂತಸ್ತಿನ ಅಳತೆ. ಊರು ಬಿಟ್ಟು ಬೆಂಗಳೂರಿಗೆ ಬಂದ ನಮ್ಮ ಚಿಕ್ಕಪ್ಪಂದಿರು ಮೊದಲು ಮಾಡಿದ್ದು ಮೂರು ಹೊತ್ತೂ ಅನ್ನ ಉಣ್ಣುವುದು. ಯಾರೂ ಅದನ್ನು ಸಂಸ್ಕೃತಿ ಮರೆತದ್ದು ಅನ್ನಲಿಲ್ಲ, ಗೆದ್ದದ್ದು ಅಂದರು. ನ್ಯೂಯಾರ್ಕಿನ ಸಿಸಿಲಿಯವನು ಸ್ಟೇಕ್ ಕೊಯ್ಯುವಾಗ ಅವನ ಎದೆಯಲ್ಲಿ ಇದ್ದದ್ದೂ ಇದೇ ಇರಬೇಕು ಅಂತ ನನ್ನ ಊಹೆ. ಈಗ ಅದೇ ರಾಗಿ ಬಣ್ಣದ ಪ್ಯಾಕೆಟ್ಟಿನಲ್ಲಿ ಕೂತು 'ಮಿಲೆಟ್' ಆಗಿ ದುಬಾರಿ ಬೆಲೆಗೆ ಬರುತ್ತಿದೆ. ಹಾಗಂತ ರಾಗಿಯಾದರೂ ನಮ್ಮ ಮಣ್ಣಲ್ಲೇ ಹುಟ್ಟಿದ್ದಾ? ಅದೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ವಲಸೆ ಬಂದದ್ದೇ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಈ ಥರದ ಊಟದ ಸುತ್ತ ಒಂದು ಮೇಲರಿಮೆ ಅಂಟಿಕೊಂಡಿದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಟೀಮ್ ಡಿನ್ನರಿನಲ್ಲಿ ನಾನು 'ಫೆಟ್ಟುಸಿನಿ' ಅಂದಿದ್ದಕ್ಕೆ ಟೇಬಲ್ಲಿನಲ್ಲಿ ನಗು ಎದ್ದಿತ್ತು. 'ಫೆಟ್ಟುಚೀನಿ' ಅಂತ ಒಬ್ಬರು ತಿದ್ದಿದರು. ಸ್ಟೇಕನ್ನು ಚೆನ್ನಾಗಿ ಬೇಯಿಸಿ ಕೊಡಿ ಅಂದಿದ್ದಕ್ಕೆ ಇನ್ನೊಬ್ಬರು, ಹಾಗೆ ತಿಂದರೆ ಮಾಂಸಕ್ಕೆ ಅವಮಾನ ಅಂದರು. ಹಳ್ಳಿಯಿಂದ ಬಂದ ನಮ್ಮಂಥ ಎಷ್ಟು ಜನ ಇಂಥ ಟೇಬಲ್ಲುಗಳಲ್ಲಿ ಮೆನು ಕಾರ್ಡ್ ತಿರುಗಿಸುತ್ತಾ 'ನಿಮ್ಮದೇ ನನಗೂ ಹೇಳಿ' ಅಂತ ಸುಮ್ಮನಾಗಿಲ್ಲ? ಅವತ್ತು ನಕ್ಕವರಿಗೂ ಗೊತ್ತಿರಲಿಲ್ಲ, ಆ ತಟ್ಟೆ ನಮ್ಮಂಥ ಹಳ್ಳಿಯವರೇ ಕಟ್ಟಿದ ತಟ್ಟೆ ಅಂತ.

ಮೇಲರಿಮೆಯ ಇನ್ನೊಂದು ಮೂಟೆಯನ್ನೂ ಇಳಿಸಿಬಿಡೋಣ. ಸ್ಟೇಕಿನ ವಿಡಿಯೋಗಳಲ್ಲಿ ಎಲ್ಲರೂ ಒಂದು ಮಾತು ಹೇಳುತ್ತಾರೆ, 'ಜೋರು ಉರಿಯಲ್ಲಿ ಸುಟ್ಟು ರಸ ಒಳಗೇ ಲಾಕ್ ಮಾಡಿ' ಅಂತ. ಈ ಮಾತಿಗೂ ಒಬ್ಬ ಅಪ್ಪ ಇದ್ದಾನೆ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್. ಗೊಬ್ಬರದ ವಿಜ್ಞಾನದಲ್ಲಿ ದೊಡ್ಡ ಹೆಸರು. ಮಾಂಸದ ಸತ್ವವೆಲ್ಲ ಅದರ ರಸದಲ್ಲಿದೆ, ಹೊರಮೈಗೆ ತಟ್ಟನೆ ಬಿಸಿ ತಗುಲಿಸಿದರೆ ಒಂದು ಚಿಪ್ಪು ಕಟ್ಟಿ ರಸ ಒಳಗುಳಿಯುತ್ತದೆ ಅಂತ 1847ರಲ್ಲಿ ಬರೆದ. ದೊಡ್ಡವರ ಮಾತು, ಬಾಣಸಿಗರೆಲ್ಲ ನಂಬಿದರು. ಆದರೆ ಚಿಪ್ಪು ಕಟ್ಟುತ್ತದೆ, ರಸ ನಿಲ್ಲುವುದಿಲ್ಲ. ಅಡುಗೆಯ ವಿಜ್ಞಾನ ಬರೆಯುವ ಹ್ಯಾರಲ್ಡ್ ಮೆಗೀ 1984ರ ತಮ್ಮ ಪುಸ್ತಕದಲ್ಲಿ ಈ ನಂಬಿಕೆಯನ್ನು ಬಿಡಿಸಿಟ್ಟರು. ನೀವೇ ಪರೀಕ್ಷೆ ಮಾಡಬಹುದು. ಸುಟ್ಟ ಮೇಲೂ ಬಾಣಲೆಯಲ್ಲಿ ಚುಂಯ್ ಅನ್ನೋ ಸದ್ದು ನಿಲ್ಲುತ್ತದೆಯೇ? ಇಲ್ಲ. ಆ ಸದ್ದು ಅಂದರೇನೇ ಒಳಗಿನ ನೀರು ಹೊರಗೆ ಬಂದು ಆವಿಯಾಗುತ್ತಿದೆ ಅಂತ ಅರ್ಥ.

ಹಾಗಾದರೆ ಜೋರು ಉರಿ ಯಾಕೆ ಬೇಕು? ರುಚಿಗೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್, ಪ್ರೋಟೀನಿನ ತುಣುಕುಗಳಾದ ಅಮೈನೊ ಆಮ್ಲಗಳನ್ನು ಸಕ್ಕರೆಯ ಜೊತೆ ಬಿಸಿ ಮಾಡಿದರೆ ಕಂದು ಬಣ್ಣ ಬರುವುದನ್ನು ವರದಿ ಮಾಡಿದ. ಅವನಿಗೆ ಅಡುಗೆಯ ಗೊಡವೆ ಇರಲಿಲ್ಲ. ಆದರೆ ಸ್ಟೇಕಿನ ಘಮ ಅದರಿಂದಲೇ. ದೋಸೆಯ ಕೆಂಪು, ಹುರಿದ ಕಡಲೆಕಾಯಿಯ ಘಮ, ಕಾಫಿ ಬೀಜದ ಬಣ್ಣ ಇವೆಲ್ಲದರಲ್ಲೂ ಅದೇ ಕ್ರಿಯೆ ಇದೆ. ಇದು ಚುರುಕಾಗಿ ನಡೆಯಲು ಸುಮಾರು 140 ಡಿಗ್ರಿ ಬಿಸಿ ಬೇಕು. ನೀರು 100ಕ್ಕೇ ಕುದಿಯುವುದರಿಂದ ಮಾಂಸದ ಮೇಲೆ ತೇವ ಇದ್ದಷ್ಟು ಹೊತ್ತು ಬಣ್ಣ ಬರಲ್ಲ. ಅದಕ್ಕೇ ಮುಕ್ಕಾಲು ಗಂಟೆ ಮೊದಲೇ ಉಪ್ಪು ಸವರಿಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬಾಣಲೆ ಹೊಗೆಯಾಡಲು ಶುರುವಾದ ಮೇಲೆ ಹಾಕಿ. ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು ಕೊಯ್ಯಿರಿ.

ಯಾವ ಮಾಂಸ ಅನ್ನೋದು ನಿಮ್ಮ ನಿಮ್ಮ ಮನೆಯ ವಿಷಯ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣಗಳ ವಧೆಗೆ ಮಾತ್ರ ಅವಕಾಶ. ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ. ಹಾಗಾಗಿ ಅದರಲ್ಲಿ 'ಅಂಡರ್‌ಕಟ್' ಅನ್ನುವ ಮೆತ್ತನೆಯ ಭಾಗವೇ ಸ್ಟೇಕಿಗೆ ಸರಿ. ನಮ್ಮ ಮನೆಯಲ್ಲಿ ಹಂದಿ ಇಲ್ಲಾ ಕೋಳಿ. ಸಸ್ಯಾಹಾರಿ ಗೆಳೆಯರು ಬಂದ ದಿನ ದಪ್ಪ ಅಣಬೆ. ಉಪ್ಪು, ಒಣಮೈ, ಜೋರು ಉರಿ ಎಲ್ಲಕ್ಕೂ ಒಂದೇ. ಒಂದು ಎಚ್ಚರಿಕೆ, ಕೋಳಿ, ಹಂದಿ ಎರಡೂ ಒಳಗಿನವರೆಗೂ ಪೂರ್ತಿ ಬೇಯಬೇಕು.

ಇನ್ನು ಪಾಸ್ತಾ ನಮಗೆ ಅಷ್ಟು ಪರಕೀಯವೂ ಅಲ್ಲ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಅನ್ನೋ ಕತೆ ಕೇಳಿರುತ್ತೀರಿ. ಅದನ್ನು ಜನಪ್ರಿಯ ಮಾಡಿದ್ದು 1929ರಲ್ಲಿ ಅಮೆರಿಕದ ಮ್ಯಾಕರೋನಿ ತಯಾರಕರ ಪತ್ರಿಕೆ. ಪೋಲೊ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ ಸಿಸಿಲಿಯ ತ್ರಾಬಿಯಾ ಊರಲ್ಲಿ ಹಿಟ್ಟಿನ ಒಣ ಎಳೆಗಳನ್ನು ಮಾಡಿ ಹಡಗುಗಟ್ಟಲೆ ಹೊರಗೆ ಕಳಿಸುತ್ತಾರೆ ಅಂತ ಬರೆದಿದ್ದಾನೆ. ನಮ್ಮಲ್ಲಿ? ಅದಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಮೊದಲು, ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯನ ಕನ್ನಡ ಗ್ರಂಥ 'ಲೋಕೋಪಕಾರ'ದಲ್ಲಿ ಶಾವಿಗೆ ಮಾಡುವ ಕ್ರಮ, ಅದನ್ನು ಒತ್ತುವ ಒರಳಿನ ಮಾತು ಬರುತ್ತದೆ. ಶ್ರವಣಬೆಳಗೊಳದ ಚಾವುಂಡರಾಯ ಬೇರೆ, ಇವನು ಬೇರೆ. ನಾವೇ ಮೊದಲು ಅಂತ ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಹಿಟ್ಟು ಇದ್ದ ಕಡೆಯೆಲ್ಲ ಮನುಷ್ಯ ಅದನ್ನು ಎಳೆ ಮಾಡಿ ಒಣಗಿಸಲು ನೋಡಿದ್ದಾನೆ, ಅಷ್ಟೆ. ಒಳ್ಳೆಯ ಪಾಸ್ತಾ ಆಗುವ ಗಟ್ಟಿ ಡ್ಯೂರಮ್ ಗೋಧಿಯ ಜಾತಿಗೇ ಸೇರಿದ್ದು ನಮ್ಮ ಬನ್ಸಿ ಗೋಧಿ. ಬನ್ಸಿ ರವೆ ಅಂತ ಅಂಗಡಿಯಲ್ಲಿ ಕೇಳ್ತೀವಲ್ಲ, ಅದೇ.

ಹಾಗಾಗಿ ಮುಂದಿನ ಸಲ ಕ್ರೀಮ್ ಹಾಕುವಾಗ ಇದು ಅಸಲಿಯೋ ನಕಲಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬೇಕಿದ್ದರೆ ಒಂದು ಸಲ ಇನೆಸ್‌ಗೆ ಮಾಡಿಕೊಟ್ಟ ರೀತಿಯಲ್ಲೂ ಮಾಡಿ ನೋಡಿ. ಒಲೆ ಆರಿಸಿ, ಬೆಣ್ಣೆ, ನುಣ್ಣಗೆ ತುರಿದ ಚೀಸು, ಒಂದು ಸೌಟು ಗಂಜಿನೀರು ಹಾಕಿ ಬಿಡದೆ ಕಲಸಿ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ತಟ್ಟೆಗೂ ಸ್ವಲ್ಪ ಹಾಕಿ, ಇದು ರೋಮಿನ ಬಾಣಂತಿ ಊಟ ಅಂತ ಹೇಳಿ ಕೊಡಿ. ಫೋರ್ಕ್ ಕೊಡಲೇಬೇಕು ಅಂತೇನಿಲ್ಲ, ಕೈಯಲ್ಲಿ ತಿಂದರೂ ರುಚಿ ಕಮ್ಮಿಯಾಗಲ್ಲ.